ಹಳೆಯ ಜೀಪಿನ ತಗಡು ಬಿಚ್ಚುವ ಕಾರ್ಯ: ಹಟಮಾರಿ ಬೋಲ್ಟ್‌ಗಳ ವೆಚ್ಚ

ಪಿರಿಯಾಪಟ್ಟಣ, ಹುಣಸೂರು ಮತ್ತು ಹೆಗ್ಗಡದೇವನಕೋಟೆ ತಾಲ್ಲೂಕುಗಳಲ್ಲಿ ತಂಬಾಕು, ಶುಂಠಿ, ಜೋಳದ ವ್ಯವಹಾರ ನಡೆಸುವ ಅನೇಕ ಮನೆತನಗಳ ಕೊಟ್ಟಿಗೆಯಲ್ಲಿ ಹಳೆಯದೊಂದು ಜೀಪು ಇಂದಿಗೂ ಉಳಿದಿದೆ. 1947ರಲ್ಲಿ ಮಹೀಂದ್ರ ಸಂಸ್ಥೆಯು ಅಮೆರಿಕದ ವಿಲ್ಲಿಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲಾರಂಭಿಸಿದ ನಂತರ, ಅದೇ ವಿನ್ಯಾಸದ ವಂಶಸ್ಥ ವಾಹನಗಳು ದಶಕಗಳ ಕಾಲ ತಯಾರಾದವು. ನಾಲ್ಕೂ ಚಕ್ರಗಳಿಗೆ ಎಂಜಿನ್ನಿನ ಬಲ ದೊರೆಯುವ ಈ ಗಾಡಿಗಳ ಎಂಜಿನ್, ಗೇರ್‌ಪೆಟ್ಟಿಗೆಗಳು ಸುಸ್ಥಿತಿಯಲ್ಲಿದ್ದರೂ ಮೈತಗಡು ಮಾತ್ರ ತುಕ್ಕಿಗೆ ಬಲಿಯಾಗಿರುತ್ತದೆ. ಅದನ್ನು ಬಿಚ್ಚಿ ಹೊಸ ತಗಡು ಕೂರಿಸುವ ಕಾರ್ಯವನ್ನು ಒಪ್ಪಿಕೊಳ್ಳುವ ಗ್ಯಾರೇಜುಗಳು ನಷ್ಟಕ್ಕೆ ಈಡಾಗುವುದು ವಿರಳವೇನಲ್ಲ. ನಷ್ಟದ ಮೂಲ ಹೊಸ ತಗಡಿನ ಬೆಲೆಯಲ್ಲಿಲ್ಲ. ಹಳೆಯ ಬೋಲ್ಟ್‌ಗಳನ್ನು ಕಳಚಲು ತಗಲುವ ಶ್ರಮದಲ್ಲಿದೆ.

ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಸ್ಥಳವನ್ನು ಆಕ್ರಮಿಸುತ್ತದೆ. ನಟ್ ಮತ್ತು ಬೋಲ್ಟಿನ ಥ್ರೆಡ್‌ಗಳ ನಡುವಣ ಕೂದಲೆಳೆಯ ಅಂತರದಲ್ಲಿ ಅದು ಉಬ್ಬಿ ನಿಂತಾಗ ಎರಡೂ ಒಂದೇ ತುಂಡಿನಂತೆ ಬೆಸೆದುಕೊಳ್ಳುತ್ತವೆ. ಮಳೆಗಾಲದ ಕೆಸರು ಫ್ರೇಮಿನ ಮೂಲೆಗಳಲ್ಲಿ ಒಣಗದೆ ಉಳಿಯುವುದು ಒಂದು ಕಾರಣ. ಜೀಪಿನ ಹಿಂಭಾಗದಲ್ಲಿ ಸಾಗಿಸಿದ ಗೊಬ್ಬರ ಮತ್ತೊಂದು. ಮ್ಯೂರಿಯೇಟ್ ಆಫ್ ಪೊಟ್ಯಾಷ್ ಎಂಬುದು ಕ್ಲೋರೈಡ್ ಲವಣ. ಕಬ್ಬಿಣಕ್ಕೆ ಅದು ಶತ್ರು. ಎಲೆಯ ಉರಿಯುವ ಗುಣ ಕೆಡುತ್ತದೆಂದು ತಂಬಾಕಿಗೆ ಈ ಗೊಬ್ಬರವನ್ನು ಬಳಸದೆ ಸಲ್ಫೇಟ್ ರೂಪದ ಪೊಟ್ಯಾಷನ್ನು ಬಳಸುತ್ತಾರೆ. ಆದ್ದರಿಂದ ಗಾಡಿಯು ಯಾವ ಬೆಳೆಯ ಸೇವೆಯಲ್ಲಿತ್ತೆಂದು ಮಾಲೀಕರನ್ನು ವಿಚಾರಿಸಿದರೆ ಹಿಂಬದಿಯ ನೆಲತಗಡಿನ ಸ್ಥಿತಿಯನ್ನು ಅರ್ಧದಷ್ಟು ಊಹಿಸಬಹುದು.

ಕಾರ್ಯಾರಂಭಕ್ಕೆ ಮುನ್ನ ಅಳತೆಯ ವಿಷಯ ತಿಳಿದಿರತಕ್ಕದ್ದು. ವಿಲ್ಲಿಸ್ ಮೂಲದ ಮೈಭಾಗಗಳಲ್ಲಿ ಇಂಚಿನ ಅಳತೆಯ ಬೋಲ್ಟ್‌ಗಳಿವೆ. ಮುಂದಿನ ಮಾದರಿಗಳಿಗೆ ಬಂದ ಪ್ಯೂಜೋ ಮೂಲದ ಡೀಸೆಲ್ ಎಂಜಿನ್ ಮಿಲಿಮೀಟರ್ ಅಳತೆಯದು. 1985ರಲ್ಲಿ ಬಂದ ಮಾರುತಿ ಜಿಪ್ಸಿಯೂ ಮಿಲಿಮೀಟರ್ ಲೆಕ್ಕದ್ದೇ. 5/16 ಇಂಚಿನ ಬೋಲ್ಟಿನ ತಲೆಗೆ ಅರ್ಧ ಇಂಚಿನ, ಅಂದರೆ 12.7 ಮಿ.ಮೀ. ಸ್ಪ್ಯಾನರ್ ಬೇಕು. ಅಲ್ಲಿ 13ರ ಸ್ಪ್ಯಾನರ್ ಹಾಕಿದರೆ 0.3 ಮಿ.ಮೀ. ಸಡಿಲ ಉಳಿಯುತ್ತದೆ. ಸರಾಗವಾಗಿ ತಿರುಗುವ ಬೋಲ್ಟಿಗೆ ಇದರಿಂದ ಬಾಧೆಯಿಲ್ಲ; ತುಕ್ಕು ಹಿಡಿದದ್ದರ ಮೂಲೆಗಳು ಮಾತ್ರ ಸವೆದು ಉರುಟಾಗುತ್ತವೆ, ಅನಂತರ ಯಾವ ಉಪಕರಣವೂ ಹಿಡಿಯುವುದಿಲ್ಲ. ಕಾಲಿಂಚಿನ ಬೋಲ್ಟಿಗೆ 7/16ರ, 3/8ರ ಬೋಲ್ಟಿಗೆ 9/16ರ ಸ್ಪ್ಯಾನರ್ ಬೇಕು. ಆರು ಮುಖಗಳ ಸಾಕೆಟ್ ಹನ್ನೆರಡು ಮೂಲೆಗಳದ್ದಕ್ಕಿಂತ ಭದ್ರವಾಗಿ ಹಿಡಿಯುತ್ತದೆ. ಇಂಚಿನ ಒಂದು ಜೊತೆ ಸಾಕೆಟ್ ಕೊಳ್ಳಲು ಹಿಂಜರಿಯುವ ಗ್ಯಾರೇಜು ಆ ಹಣವನ್ನು ಬೇರೆ ದಾರಿಯಲ್ಲಿ ಕಳೆದುಕೊಳ್ಳುತ್ತದೆ.

ಮೊದಲು ಬ್ಯಾಟರಿಯ ಸಂಪರ್ಕ ತಪ್ಪಿಸಬೇಕು. ಎರಡನೆಯದಾಗಿ ಇಂಧನ ಟ್ಯಾಂಕನ್ನು ಹೊರತೆಗೆಯಬೇಕು. ವಿಲ್ಲಿಸ್ ವಿನ್ಯಾಸದಲ್ಲಿ ಟ್ಯಾಂಕಿರುವುದು ಚಾಲಕನ ಆಸನದ ಕೆಳಗೆ. ನೆಲತಗಡಿನ ಬೋಲ್ಟ್‌ಗಳಿಗೆ ಅದು ಗೇಣಳತೆಯ ದೂರ. ಟ್ಯಾಂಕ್ ಖಾಲಿಯಿದೆ ಎಂಬ ಸಮಾಧಾನಕ್ಕೆ ಅರ್ಥವಿಲ್ಲ. ತುಂಬಿದ ಟ್ಯಾಂಕಿಗಿಂತ ಪೆಟ್ರೋಲ್ ಆವಿ ತುಂಬಿದ ಖಾಲಿ ಟ್ಯಾಂಕ್ ಹೆಚ್ಚು ಅಪಾಯಕಾರಿ. ಅನಂತರ ಬಾನೆಟ್, ಗಾಜಿನ ಚೌಕಟ್ಟು, ಮುಂಭಾಗದ ಜಾಲರಿ, ಮಡ್‌ಗಾರ್ಡ್, ಕಡೆಯಲ್ಲಿ ಮೈತೊಟ್ಟಿ. ತೊಟ್ಟಿಯನ್ನು ಫ್ರೇಮಿಗೆ ಬಿಗಿದಿರುವ ಬೋಲ್ಟ್‌ಗಳೇ ಎಲ್ಲಕ್ಕಿಂತ ಹಟಮಾರಿಗಳು.

ಬಲಪ್ರಯೋಗ ಇಲ್ಲಿ ಕಡೆಯ ಅಸ್ತ್ರವಾಗಿರಬೇಕು. ತಂತಿಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್‌ಗಳನ್ನು ಶುಚಿಗೊಳಿಸಿ, ತುಕ್ಕು ಭೇದಿಸುವ ಎಣ್ಣೆ ಸವರಿ ಒಂದು ರಾತ್ರಿ ಬಿಡಬೇಕು. ಸಾಧ್ಯವಾದರೆ ಎರಡು ರಾತ್ರಿ, ನಡುನಡುವೆ ಮತ್ತೆ ಎಣ್ಣೆ. ಗಿರಾಕಿ ಅವಸರಪಡಿಸಿದರೂ ಈ ಕಾಯುವಿಕೆಗೆ ಕೂಲಿಯಿಲ್ಲ ಎಂಬುದನ್ನು ಮರೆಯಬಾರದು. ಬಳಿಕ ತಲೆಯ ಮೇಲೆ ಸುತ್ತಿಗೆಯಿಂದ ನೇರ ಪೆಟ್ಟುಗಳನ್ನು ಕೊಟ್ಟರೆ ತುಕ್ಕಿನ ಪದರ ಬಿರುಕು ಬಿಡುತ್ತದೆ. ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು ತಿರುಗಿಸಿ, ನಂತರ ಬಿಚ್ಚುವ ದಿಕ್ಕಿಗೆ, ಹೀಗೆ ಹಿಂದೆ ಮುಂದೆ ಆಡಿಸುವುದು ಅನುಭವಿಗಳ ಕ್ರಮ. ಗಾಜಿನ ಚೌಕಟ್ಟು ಹಾಗೂ ತಿರುಗಣೆಗಳ ಅಡ್ಡಗೀರಿನ ಸ್ಕ್ರೂಗಳಿಗೆ ಸಾಮಾನ್ಯ ಸ್ಕ್ರೂಡ್ರೈವರ್ ಸಾಲದು. ಸುತ್ತಿಗೆಯ ಪೆಟ್ಟನ್ನೇ ತಿರುವಾಗಿ ಮಾರ್ಪಡಿಸುವ ಇಂಪ್ಯಾಕ್ಟ್ ಡ್ರೈವರ್ ಬೇಕು.

ಇದಕ್ಕೂ ಜಗ್ಗದಿದ್ದರೆ ಶಾಖ. ಬೋಲ್ಟನ್ನಲ್ಲ, ನಟ್ಟನ್ನು ಕಾಯಿಸಬೇಕು. ನಟ್ ಹಿಗ್ಗಿದಾಗ ಹಿಡಿತ ಸಡಿಲವಾಗುತ್ತದೆ. ಕಾದ ಥ್ರೆಡ್‌ಗೆ ಮೇಣದಬತ್ತಿ ಮುಟ್ಟಿಸಿದರೆ ಮೇಣ ಒಳಕ್ಕೆ ಇಳಿದು ಜಾರಿಕೆ ನೀಡುತ್ತದೆ. ರಬ್ಬರ್ ಮೆತ್ತೆ, ವೈರಿಂಗ್, ಬ್ರೇಕ್ ಕೊಳವೆಗಳಿರುವಲ್ಲಿ ಜ್ವಾಲೆ ಸಲ್ಲದು. ಅಲ್ಲಿ ಗ್ರೈಂಡರ್‌ನಿಂದ ತಲೆ ಕತ್ತರಿಸುವುದೇ ಲೇಸು. ಮುರಿದ ಬೋಲ್ಟಿನ ನಡುವೆ ರಂಧ್ರ ಕೊರೆದು ಎಡಸುತ್ತಿನ ಎಕ್ಸ್‌ಟ್ರ್ಯಾಕ್ಟರ್ ಹಾಕುವಾಗ ಅತಿ ಎಚ್ಚರಿಕೆ ಅಗತ್ಯ. ಆ ಉಪಕರಣ ಒಳಗೇ ಮುರಿದರೆ ಅದರ ಗಟ್ಟಿ ಉಕ್ಕನ್ನು ಸಾಮಾನ್ಯ ಡ್ರಿಲ್ ಕೊರೆಯಲಾರದು. ಮರುಜೋಡಣೆಯ ವೇಳೆ 5/16 ಇಂಚಿನ ರಂಧ್ರಕ್ಕೆ ಅಂಗಡಿಯಲ್ಲಿ ಸಿಕ್ಕ 8 ಮಿ.ಮೀ. ಬೋಲ್ಟ್ ತುರುಕುವುದು ಸರ್ವೇಸಾಮಾನ್ಯ ಪ್ರಮಾದ. ವ್ಯಾಸ ಹೆಚ್ಚು ಕಡಿಮೆ ಒಂದೇ ಆದರೂ ಥ್ರೆಡ್‌ಗಳ ಅಂತರ ಬೇರೆ. ಹೊಸ ಬೋಲ್ಟಿಗೆ ತುಸು ಗ್ರೀಸ್ ಸವರಿದರೆ ಮುಂದಿನ ಬಾರಿ ಬಿಚ್ಚುವವನು ಹರಸುತ್ತಾನೆ.

ಈಗ ಲೆಕ್ಕಕ್ಕೆ ಬರೋಣ. ನಿದರ್ಶನಕ್ಕಾಗಿ 40 ಬೋಲ್ಟ್‌ಗಳ ಕೆಲಸವೆಂದು ಭಾವಿಸೋಣ. ತಲಾ 3 ನಿಮಿಷವೆಂದು ಎಣಿಸಿ 2 ಗಂಟೆಯ ಕೂಲಿ ಹೇಳಲಾಗಿದೆ. ವಾಸ್ತವದಲ್ಲಿ 30 ಬೋಲ್ಟ್‌ಗಳು 90 ನಿಮಿಷಗಳಲ್ಲಿ ಬಂದವು. 8 ತಲಾ 20 ನಿಮಿಷ ತೆಗೆದುಕೊಂಡವು. 2 ಮುರಿದು ತಲಾ ಒಂದೂವರೆ ಗಂಟೆ ನುಂಗಿದವು. ಒಟ್ಟು 430 ನಿಮಿಷ, ಅಂದರೆ 7 ಗಂಟೆಗೂ ಮೇಲ್ಪಟ್ಟು. ಹತ್ತೇ ಬೋಲ್ಟ್‌ಗಳು 340 ನಿಮಿಷಗಳನ್ನು ತಿಂದಿವೆ. ಸರಾಸರಿಯ ಮೇಲೆ ದರ ಹೇಳುವ ಪದ್ಧತಿ ಇಂತಹ ಕೆಲಸಕ್ಕೆ ಒಗ್ಗದು. ಬಿಚ್ಚುವ ಕೆಲಸಕ್ಕೆ ಗಂಟೆಯ ದರ, ತಗಡು ಮತ್ತು ಬಣ್ಣಕ್ಕೆ ನಿಶ್ಚಿತ ದರ ಎಂದು ಅಂದಾಜುಪಟ್ಟಿಯನ್ನು ಎರಡು ಭಾಗ ಮಾಡಿ, ಮುರಿಯುವ ಬೋಲ್ಟಿನ ಹೊಣೆ ಯಾರದೆಂದು ಲಿಖಿತವಾಗಿ ನಮೂದಿಸುವುದು ಉಚಿತ. ಬಾಯಿಮಾತಿನ ಒಪ್ಪಂದದಲ್ಲಿ ಹಳೆಯ ಗಿರಾಕಿಯೂ ಹೋಗುತ್ತಾನೆ, ಹಣವೂ ಹೋಗುತ್ತದೆ.

ಗಾಡಿಯ ಮಾಲೀಕರಾದ ವರ್ತಕರು ಗಮನಿಸಬೇಕಾದ ಅಂಶಗಳೂ ಇವೆ. ಚಾಸಿಸ್ ಸಂಖ್ಯೆಯ ಮೇಲೆ ಗ್ರೈಂಡರ್ ಆಡಿಸಕೂಡದು. 15 ವರ್ಷ ಮೀರಿದ ಖಾಸಗಿ ವಾಹನದ ನೋಂದಣಿ ನವೀಕರಣದ ತಪಾಸಣೆಯಲ್ಲಿ ಅದನ್ನು ನೋಡುತ್ತಾರೆ. ಮೂಲ ವಿನ್ಯಾಸಕ್ಕೆ ವಿರುದ್ಧವಾಗಿ ಮೈರಚನೆ ಮಾರ್ಪಡಿಸಲು ಮೋಟಾರು ವಾಹನ ಕಾಯಿದೆಯ 52ನೇ ಪ್ರಕರಣ ಅಡ್ಡಿ. 2019ರಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನೇ ಎತ್ತಿಹಿಡಿದಿದೆ. ವ್ಯವಹಾರಕ್ಕೆ ಬಳಸುವ ಜೀಪಿನ ತೂತುಬಿದ್ದ ತಗಡನ್ನು ಬದಲಿಸಿದ ವೆಚ್ಚ ಸಾಮಾನ್ಯವಾಗಿ ಚಾಲ್ತಿ ದುರಸ್ತಿ. ಆದರೆ ಇರುವ ಆಸ್ತಿಯನ್ನು ಕಾಪಾಡುವುದನ್ನು ಬಿಟ್ಟು ಹೊಸ ಆಸ್ತಿಯನ್ನೋ ಹೊಸ ಅನುಕೂಲವನ್ನೋ ಸೃಷ್ಟಿಸುವ ವೆಚ್ಚ ಆ ವರ್ಗಕ್ಕೆ ಸೇರದೆಂದು ಬಲ್ಲಿಮಲ್ ನವಲ್ ಕಿಶೋರ್ ಪ್ರಕರಣದಲ್ಲಿ 1997ರಲ್ಲಿ ತೀರ್ಮಾನವಾಗಿದೆ. ಚಾಲಕನೂ ಸೇರಿ 13 ಜನರವರೆಗಿನ ಪ್ರಯಾಣಿಕ ವಾಹನದ ದುರಸ್ತಿಯ ಮೇಲೆ ತೆತ್ತ ಜಿ.ಎಸ್.ಟಿ.ಗೆ ಸಾಮಾನ್ಯವಾಗಿ ಹೂಡುವಳಿ ತೆರಿಗೆ ಜಮೆ ಇಲ್ಲ. ಸರಕು ಸಾಗಣೆಯ ವಾಹನಕ್ಕೆ ಈ ನಿರ್ಬಂಧ ಅನ್ವಯಿಸುವುದಿಲ್ಲ. ಬಿಚ್ಚಿದ ಹಳೆಯ ತಗಡಿಗೂ ಲೆಕ್ಕವಿದೆ: 2024ರ ಅಕ್ಟೋಬರ್ 10ರಿಂದ, ನೋಂದಣಿಯಿಲ್ಲದವರು ಮಾರಿದ ಲೋಹದ ಗುಜರಿಯನ್ನು ನೋಂದಾಯಿತ ವ್ಯಾಪಾರಿ ಕೊಂಡರೆ ತೆರಿಗೆ ಕಟ್ಟುವ ಹೊಣೆ ಕೊಂಡವನದು.