ನಿಮಗಿದು ಗೊತ್ತೆ? ರೇಡಾರ್‌ಗೂ ಬೇಕು ಮನುಷ್ಯರ ಕಣ್ಣು
ಸುಂಟರಗಾಳಿ ನೆಲ ಮುಟ್ಟಿತೇ ಎಂಬುದು ರೇಡಾರ್‌ಗೆ ಎಷ್ಟೋ ಬಾರಿ ಕಾಣುವುದೇ ಇಲ್ಲ. ಭೂಮಿ ದುಂಡಗಿರುವುದರಿಂದ ದೂರ ಹೋದಷ್ಟೂ ರೇಡಾರ್ ಕಿರಣ ನೆಲದಿಂದ ಮೇಲಾಗುತ್ತದೆ. 100 ಕಿ.ಮೀ. ಆಚೆ ಅದರ ಎತ್ತರ ಸುಮಾರು ಒಂದೂವರೆ ಕಿ.ಮೀ. ಕೆಳಗೆ ನಡೆಯುವುದನ್ನು ನೋಡಿ ಹೇಳಲು ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ 1970ರ ದಶಕದಿಂದ 'ಸ್ಕೈವಾರ್ನ್' ಹೆಸರಿನಲ್ಲಿ ಸ್ವಯಂಸೇವಕರಿಗೆ ತರಬೇತಿ ಕೊಡುತ್ತಿದೆ. ಹೀಗೆ ಕಲಿತವರು ಮೂರೂವರೆ ಲಕ್ಷಕ್ಕೂ ಹೆಚ್ಚು. ಅವರಲ್ಲಿ ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಹ್ಯಾಮ್ ರೇಡಿಯೋ ಹವ್ಯಾಸಿಗಳೂ ಇದ್ದಾರೆ. ತರಗತಿ ಉಚಿತ, ಸಾಮಾನ್ಯವಾಗಿ ಎರಡೇ ಗಂಟೆ. ಮೋಡದ ತಳ ಗಿರಗಿರ ತಿರುಗುತ್ತಿದೆಯೇ ಎಂದು ಗುರುತಿಸುವುದು ಮುಖ್ಯ ಪಾಠ. ಆಲಿಕಲ್ಲಿನ ಗಾತ್ರವನ್ನು ನಾಣ್ಯಕ್ಕೋ ಗಾಲ್ಫ್ ಚೆಂಡಿಗೋ ಹೋಲಿಸಿ ತಿಳಿಸಬಹುದು. 'ಗೋಲಿಯಷ್ಟು' ಎಂದರೆ ಮಾತ್ರ ಸಾಲದು. ಗೋಲಿಗಳು ನಾನಾ ಅಳತೆಯವು!