ತಮಟೆಗೆ ಮಿಡಿದ ಕಾಲಿಗೆ ಸಾಲ್ಸಾ ದೂರವಲ್ಲ!

ಜಾತ್ರೆಯಲ್ಲಿ ತಮಟೆ ಶುರುವಾದ ಕೂಡಲೇ ನಿಮ್ಮ ಕಾಲು ತಾನಾಗೇ ಅಲುಗಿದ್ದು ನೆನಪಿದೆಯಾ? 'ಸುಮ್ನೆ ನಿಂತ್ಕೊಳ್ಳೇ, ಯಾರಾದ್ರೂ ನೋಡಿದ್ರೆ...' ಅಂತ ಅಜ್ಜಿ ರಟ್ಟೆ ಹಿಡಿದಿದ್ದೂ ನೆನಪಿರಬೇಕು. ಚಿಕ್ಕಬಳ್ಳಾಪುರದ ಕಡೆಯ ಕಳವಾರದಂಥ ಊರಲ್ಲಿ ಬೆಳೆದು, ಮದುವೆಯಾಗಿ ಬೆಂಗಳೂರಿನ ಅಪಾರ್ಟ್‌ಮೆಂಟ್ ಸೇರಿದವರಿಗೆ ಇದೇನೂ ಹೊಸ ಮಾತಲ್ಲ. ಕುಣಿಯೋದು ಅಣ್ಣತಮ್ಮಂದಿರು, ನೋಡೋದು ನಾವು!

ಈಗ ಮಗಳು ಸಾಲ್ಸಾ ಕ್ಲಾಸಿಗೆ ಸೇರ್ತೀನಿ ಅಂದರೆ ನೀವೂ ಅದೇ ಅಜ್ಜಿಯ ದನಿಯಲ್ಲಿ ಮಾತಾಡ್ತೀರಿ ಅಲ್ವೇ? ಒಂದು ನಿಮಿಷ ತಾಳಿ. ಡಾನ್ಸು, ಹೈಹೀಲ್ಡು, ಯಾರದೋ ಕೈ ಹಿಡಿಯೋದು ಎಲ್ಲ ಆಮೇಲೆ. ಮೊದಲು ಬರೀ ಕಿವಿಗೊಟ್ಟು ಕೇಳಿ.

ಸಾಲ್ಸಾ ಅಂದರೆ ಸ್ಪ್ಯಾನಿಷ್‌ನಲ್ಲಿ ಗೊಜ್ಜು, ಸಾಸ್ ಅಂತ ಅರ್ಥ. ಹೆಸರಿಗೆ ತಕ್ಕ ಹಾಗೆ ಅದೊಂದು ಬೆರಕೆ ಅಡುಗೆ. ಕ್ಯೂಬಾದ ಕಬ್ಬಿನ ತೋಟಗಳಿಗೆ ಗುಲಾಮರಾಗಿ ಬಂದ ಆಫ್ರಿಕನ್ನರ ಚರ್ಮವಾದ್ಯ, ಸ್ಪೇನಿನವರ ಗಿಟಾರು ಮತ್ತು ಹಾಡು, ಜತೆಗೆ ಪೋರ್ಟೊರಿಕೊದಿಂದ ವಲಸೆ ಬಂದವರ ಹುರುಪು. ಇದೆಲ್ಲ ನ್ಯೂಯಾರ್ಕಿನಲ್ಲಿ 1960-70ರ ದಶಕದಲ್ಲಿ ಹದವಾಗಿ ಬೆಂದು ಸಾಲ್ಸಾ ಆಯಿತು. ವಾದ್ಯಗಳನ್ನು ನೋಡಿದರೆ ನಗು ಬರುತ್ತೆ. ಗೀರು ಹಾಕಿ ಕಡ್ಡಿಯಿಂದ ಉಜ್ಜುವ ಒಣಗಿದ ಸೋರೆಬುರುಡೆ, ಗಿಲಕಿ, ದನದ ಕೊರಳ ಗಂಟೆಯಂಥದ್ದು, ಅಂಗೈಯಲ್ಲಿ ಬಡಿಯುವ ಕೊಂಗಾ. ನಮ್ಮ ಹಿತ್ತಲಲ್ಲಿ ಇಲ್ಲದ್ದು ಏನಿದೆ ಹೇಳಿ!

ಆದರೆ ಗುಟ್ಟಿರೋದು ಕ್ಲಾವೆಯಲ್ಲಿ. ಅಂದರೆ ಎರಡು ಪುಟ್ಟ ಮರದ ಕಡ್ಡಿಗಳಲ್ಲಿ. ಒಂದರಿಂದ ಹದಿನಾರರವರೆಗೆ ಒಂದೇ ಸಮನೆ ಎಣಿಸುತ್ತಾ 1, 4, 7, 11, 13ಕ್ಕೆ ಮಾತ್ರ ಚಪ್ಪಾಳೆ ಹೊಡೆಯಿರಿ. ಮತ್ತೆ ಮೊದಲಿಂದ. ಐದೇ ಪೆಟ್ಟು, ಆದರೆ ಮೊದಲನೆಯದು ಬಿಟ್ಟರೆ ಯಾವುದು ಯಾವಾಗ ಬೀಳುತ್ತೋ ಅನ್ನೋ ಹಾಗಿದೆ! ಸಂಗೀತ ಕಲಿತವರು ಆದಿತಾಳ ಹಾಕಿಕೊಂಡು, ಅಕ್ಷರಕ್ಕೆ ಎರಡರಂತೆ ಎಣಿಸಿ. ಒಂದು ಆವರ್ತಕ್ಕೆ ಸರಿಯಾಗಿ ಕೂರುತ್ತೆ. ಪೆಟ್ಟು ಬಿದ್ದ ಕಡೆಗಿಂತ ಬೀಳದೆ ಬಿಟ್ಟ ಕಡೆಯೇ ಮೈ ಸೆಳೆಯುತ್ತೆ. ಆ ಖಾಲಿ ಜಾಗ ತುಂಬೋಕೆ ಸೊಂಟವೋ ಹೆಗಲೋ ತಾನೇ ಮುಂದಾಗುತ್ತೆ. ಒಳ್ಳೇ ತಮಟೆಯವರ ಕೈಚಳಕವೂ ಇಂಥದ್ದೇ. ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತಲ್ಲ, ಅವರ ವಿಡಿಯೊ ಒಂದನ್ನು ಸಾಲ್ಸಾ ಹಾಡಿನ ಬೆನ್ನಿಗೇ ಹಾಕಿ ಕೇಳಿ ನೋಡಿ.

ಯಾವ ಹಾಡಿಂದ ಶುರು ಮಾಡೋದು ಅಂತೀರಾ? ಸೆಲಿಯಾ ಕ್ರೂಸ್. 1925ರಲ್ಲಿ ಹವಾನಾದಲ್ಲಿ ಹುಟ್ಟಿದ ಹೆಣ್ಣುಮಗಳು. ಅಪ್ಪನಿಗೆ ಮಗಳು ಟೀಚರ್ ಆಗಲಿ ಅಂತ ಆಸೆ. 1960ರಲ್ಲಿ ಕ್ಯೂಬಾ ಬಿಟ್ಟವರನ್ನು 1962ರಲ್ಲಿ ತಾಯಿ ತೀರಿಕೊಂಡಾಗಲೂ ಅಲ್ಲಿನ ಸರ್ಕಾರ ಒಳಗೆ ಬಿಡಲಿಲ್ಲ. ಇಷ್ಟು ನೋವುಂಡವರು ವೇದಿಕೆ ಮೇಲೆ ಕೂಗುತ್ತಿದ್ದದ್ದು ಒಂದೇ ಮಾತು, 'ಅಸೂಕಾರ್!' ಹಾಗಂದರೆ ಸಕ್ಕರೆ. 2003ರಲ್ಲಿ ತೀರಿಕೊಳ್ಳುವವರೆಗೂ ಅದು ಅವರ ಗುರುತಾಗಿತ್ತು. ಜಾನಿ ಪಚೇಕೊ ಜತೆ 1974ರಲ್ಲಿ ಹಾಡಿದ 'ಕಿಂಬರ' ಹುಡುಕಿ. ಆಕೆ ಒಂದು ಸೊಲ್ಲು ಹಾಡಿದರೆ ಹಿಮ್ಮೇಳ ಎತ್ತಿಕೊಳ್ಳುತ್ತೆ, ನಮ್ಮ ಸೋಬಾನೆಯವರ ಹಾಗೆ. ಮಾತು ಅರ್ಥವಾಗದಿದ್ದರೂ ಎಲ್ಲಿ ಸೇರಿಕೊಳ್ಳಬೇಕು ಅಂತ ನಿಮಗೆ ತಿಳಿದುಬಿಡುತ್ತೆ.

ಮಧ್ಯಾಹ್ನ, ಎಲ್ಲರೂ ಹೊರಗೆ ಹೋದ ಮೇಲೆ, ಕುಕ್ಕರ್ ಇಳಿಸಿ ಹತ್ತು ನಿಮಿಷ ಸಾಕು. ಚಪ್ಪಲಿ ಬೇಡ, ಜೋಡಿಯೂ ಬೇಡ. ಒಂದು, ಎರಡು, ಮೂರು ಹೆಜ್ಜೆ. ನಾಲ್ಕಕ್ಕೆ ತಡೆದು ನಿಲ್ಲಿ. ಐದು, ಆರು, ಏಳು. ಎಂಟಕ್ಕೆ ಮತ್ತೆ ತಡೆ. ಮಂಡಿನೋವಿದ್ದರೆ ಕೂತೇ ಚಪ್ಪಾಳೆ ಹಾಕಿ, ತಪ್ಪೇನಿಲ್ಲ. ಮೊದಮೊದಲು 11ಕ್ಕೆ ಬೀಳಬೇಕಾದ ಚಪ್ಪಾಳೆ 9ಕ್ಕೇ ಬಿದ್ದುಬಿಡುತ್ತೆ. ನಕ್ಕು ಮತ್ತೆ ಒಂದರಿಂದ ಎಣಿಸಿ. ಸಂಜೆ ಮಗಳು ಬಂದಾಗ ಅವಳಿಗೂ ಹೊಡೆಯೋಕೆ ಹೇಳಿ, ಯಾರದು ಮೊದಲು ತಪ್ಪುತ್ತೋ ನೋಡೋಣ!