ತಂತ್ರಾಂಶ ರೇಡಿಯೋ: ದೋಷಶೋಧನೆಯ ಕ್ರಮ

ಬಿಡಿಭಾಗಗಳ ಜೋಡಣೆಯಿಂದ ನಡೆಯುತ್ತಿದ್ದ ರೇಡಿಯೋ ಸಂಕೇತಗಳ ಸಂಸ್ಕರಣೆಯನ್ನು ಗಣಕಕ್ಕೆ ವಹಿಸುವ ವ್ಯವಸ್ಥೆಯೇ ತಂತ್ರಾಂಶ ರೇಡಿಯೋ. 2001ರಲ್ಲಿ ಆರಂಭಗೊಂಡ ಗ್ನೂ ರೇಡಿಯೋ ಈ ಕ್ಷೇತ್ರದ ಪ್ರಮುಖ ಮುಕ್ತ ತಂತ್ರಾಂಶ. ಟಿ.ವಿ. ವೀಕ್ಷಣೆಗೆಂದು ತಯಾರಾದ, ಆರ್‌ಟಿಎಲ್ 2832ಯು ಚಿಪ್ ಉಳ್ಳ ಅಗ್ಗದ ಯುಎಸ್‌ಬಿ ಸಾಧನವನ್ನು ಬಹುಬಳಕೆಯ ಗ್ರಾಹಕವಾಗಿಸುವ ವಿಧಾನ 2012ರಲ್ಲಿ ಪ್ರಚಾರಕ್ಕೆ ಬಂದಿತು. ಆ ಬಳಿಕ ಈ ವಿದ್ಯೆ ಸಾಮಾನ್ಯ ಹವ್ಯಾಸಿಗಳಿಗೂ ಎಟುಕಿತು.

ಬಳಕೆಯಲ್ಲಿ ತೊಡಕು ಕಂಡೊಡನೆ ಸಾಧನವೇ ಕೆಟ್ಟಿದೆಯೆಂದು ಭಾವಿಸುವುದು ಸಲ್ಲದು; ಲಕ್ಷಣವನ್ನು ಅನುಸರಿಸಿ ಮೂಲವನ್ನು ಅರಸಬೇಕು. ಸಾಧನ ತೆರೆಯದಿದ್ದರೆ, ಲಿನಕ್ಸ್‌ನ ಟಿ.ವಿ. ಚಾಲಕ ತಂತ್ರಾಂಶವು ಅದನ್ನು ಮೊದಲೇ ವಶಪಡಿಸಿಕೊಂಡಿರುವ ಸಾಧ್ಯತೆಯುಂಟು, ಅದನ್ನು ತಡೆಹಿಡಿಯಬೇಕು. ನಿಲಯವು ತನ್ನ ಸ್ಥಾನದಿಂದ ಸರಿದು ತೋರಿದರೆ ಅದು ಸಾಮಾನ್ಯವಾಗಿ ಸ್ಫಟಿಕ ಆಂದೋಲಕದ ದೋಷ. ದಶಲಕ್ಷಕ್ಕೆ 50 ಭಾಗದ ತಪ್ಪು, 100 ಮೆಗಾಹರ್ಟ್ಸ್‌ನಲ್ಲಿ 5 ಕಿಲೋಹರ್ಟ್ಸ್‌ನಷ್ಟಾಗುತ್ತದೆ. ತಂತ್ರಾಂಶದಲ್ಲಿ ತಿದ್ದುಪಡಿಯ ಮೌಲ್ಯ ನೀಡಿ ಇದನ್ನು ಸರಿಪಡಿಸಬಹುದು. ಇಲ್ಲದ ನಿಲಯಗಳು ಅಲ್ಲಲ್ಲಿ ಮೂಡಿದರೆ ವರ್ಧನೆ ಅತಿಯಾಗಿರಬಹುದು. ಅದನ್ನು ತಗ್ಗಿಸಿ ನೋಡಬೇಕು.

ಆಕರ ಸಂಕೇತ ಮುಕ್ತವಾಗಿರುವುದರಿಂದ ತಂತ್ರಾಂಶದ ಪ್ರತಿಯೊಂದು ಹಂತವನ್ನೂ ಪರೀಕ್ಷಿಸಲು ಸಾಧ್ಯ. ಒಬ್ಬರು ಕಂಡ ಪರಿಹಾರವನ್ನು ಮತ್ತೊಬ್ಬರು ತಿದ್ದಿ ಮುಂದಿನವರಿಗೆ ದಾಟಿಸುತ್ತಾರೆ. ಜನಪದ ಕಸುಬುಗಳ ಜ್ಞಾನ ಬೆಳೆದುಬಂದ ಬಗೆಯೂ ಇದೇ. ಮುಚ್ಚಿಟ್ಟ ವಿದ್ಯೆ ಬಲ್ಲವರೊಡನೆ ಅಳಿಯುತ್ತದೆ, ಹಂಚಿಕೊಂಡದ್ದು ಉಳಿಯುತ್ತದೆ.